ಎರಿಮಲೆಯ ಬಾಯಿ, ನಮ್ಮನೆ ಮಗ್ಗದ ಗುಂಡಿ

ಹೊರಡುವ ಮುನ್ನ

ಮೊದಲೇ ಹೇಳಿಬಿಡುತ್ತೇನೆ, ಕರ್ನಾಟಕದ ಓದುಗರು ಹುಬ್ಬೇರಿಸಬಾರದು. ನಾವು ಜ್ವಾಲಾಮುಖಿ ನೋಡಲು ಅಮಾವಾಸ್ಯೆಯನ್ನೇ ಹುಡುಕಿಕೊಂಡು ಹೋದವರು. ನಿಮ್ಮಲ್ಲಿ ಅಮಾವಾಸ್ಯೆಯ ದಿನ ಹೊಸ ಚಪ್ಪಲಿ ಮೆಟ್ಟಲೂ ಹಿಂದೆಮುಂದೆ ನೋಡುತ್ತಾರಂತೆ. ನಮ್ಮ ಸೇಲಂನಲ್ಲಿ ಅದು ಒಳ್ಳೆಯ ದಿನ. ಅಂಗಡಿ ತೆರೆಯುವವರು, ಗಾಡಿ ಕೊಳ್ಳುವವರು ಅದಕ್ಕಾಗಿ ಕಾಯುತ್ತಾರೆ. ಅದರ ಮೇಲೆ ನಾನು ಸೊಸೆಯಾಗಿ ಬಂದದ್ದು ಅಮ್ಮಾಪೇಟೆಯ ಕನ್ನಡ ನೇಕಾರರ ಮನೆಗೆ. ಅಮಾವಾಸ್ಯೆಯಂದು ಅಲ್ಲಿ ಮಗ್ಗಕ್ಕೆ ರಜೆ. ಮಗ್ಗಕ್ಕೆ ರಜೆಯಿದ್ದರೆ ಮಾತ್ರ ನಮ್ಮ ಅತ್ತೆಗೂ ರಜೆ. ಹಾಗಾಗಿ ಬೀಗರ ಮನೆಗೆ ಹೋಗುವುದು, ಹಲ್ಲು ಕೀಳಿಸುವುದು, ದೇಶ ಸುತ್ತುವುದು ಎಲ್ಲವೂ ಅವರಿಗೆ ಆ ದಿನಕ್ಕೇ ಹೊಂದಬೇಕು.

ನಮ್ಮ ಮನೆಯವರು ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್. ಹೊಸ ಯಂತ್ರದ ತರಬೇತಿಗೆಂದು ಅವರನ್ನು ಇಟಲಿಯ ಉತ್ತರ ಭಾಗಕ್ಕೆ ಕಳಿಸಿದ್ದರು. ಕೊನೆಯ ಎರಡು ವಾರಕ್ಕೆ ನಾನೂ ಅತ್ತೆಯೂ ಹೋಗಿ ಸೇರಿಕೊಂಡೆವು. ಅಲ್ಲಿ ಹಬ್ಬದ ಸೋಮವಾರವೊಂದು ಶನಿವಾರ ಭಾನುವಾರಗಳ ಬಾಲಕ್ಕೆ ಅಂಟಿಕೊಂಡು ಬಂತು, ಆ ಶನಿವಾರವೇ ಅಮಾವಾಸ್ಯೆ. ಇವರಿಗೆ ಮಾತ್ರ ಯಂತ್ರ ಬಿಟ್ಟು ಬರಲು ಆಗಲಿಲ್ಲ.

"ನೀವಿಬ್ರೇ ನೇಪಲ್ಸ್‌ಗೆ ಓಗಿ ಬನ್ನಿ" ಎಂದರು. "ಅಮ್ಮಂಗೆ ಎರಿಮಲೆ ತೋರ್ಸು. ಅಂಗೇ ಆ ವಿಷ್ಯಕ್ಕೆ ಊಂ ಅನ್ನಿಸ್ಕಂಡು ಬಾ."

ಎರಿಮಲೆ ಅಂದರೆ ತಮಿಳಿನಲ್ಲಿ ಜ್ವಾಲಾಮುಖಿ. ಆ ವಿಷಯ ಅಂದರೆ ನಮ್ಮ ನಡುಮನೆಯ ಗುಂಡಿ.

ಅತ್ತೆಯದು ಗುಂಡಿಮಗ್ಗ. ನೆಲದಲ್ಲಿ ತೊಡೆಯಾಳದ ಗುಂಡಿ, ಅದರ ಅಂಚಿನಲ್ಲಿ ಕೂತು ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತಾ ನೇಯಬೇಕು. ಮದುವೆ ಗಂಡು ಉಡುವ ಬಿಳಿ ರೇಷ್ಮೆ ಪಂಚೆ ಅವರ ಕೈಕೆಲಸ. ಈಗ ಅವರ ಎರಡೂ ಮಂಡಿ ಸವೆದಿವೆ. ಗುಂಡಿಗೆ ಇಳಿಯುವಾಗ ಒಂದು "ಅಮ್ಮಾ", ಏರುವಾಗ ಎರಡು "ಅಮ್ಮಾ". ಡಾಕ್ಟರು ಸಾಕು ಎಂದರು. ಗುಂಡಿ ಮುಚ್ಚಿ, ಟೈಲ್ಸ್ ಹಾಕಿಸಿ, ಅತ್ತೆಗೆ ಅಲ್ಲೇ ಒಂದು ಕೋಣೆ ಮಾಡಿಕೊಡುವುದೆಂದು ನಾವು ಗಂಡಹೆಂಡಿರು ತೀರ್ಮಾನಿಸಿಬಿಟ್ಟಿದ್ದೆವು. ನಾವು ಊರಿಗೆ ಮರಳಿದ ಮೇಲಿನ ಬುಧವಾರ ಬರಲು ಮೇಸ್ತ್ರಿಗೂ ಹೇಳಿಯಾಗಿತ್ತು. ಹೇಳದೆ ಉಳಿದದ್ದು ಅತ್ತೆಗೆ ಮಾತ್ರ.

ನಾನು ಹೊಸೂರಿನ ಕಡೆಯವಳು, ಕನ್ನಡ ಶಾಲೆಯಲ್ಲಿ ಓದಿದವಳು, ಅಪ್ಪ ಸರ್ಕಾರಿ ನೌಕರ. ಮಗ್ಗದ ತಲೆಬುಡ ನನಗೆ ಗೊತ್ತಿಲ್ಲ. ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಯಾರಿಗೆ ಏನೇನು ಅನಾಹುತ ಆಗಬಹುದು ಎಂದು ಮುಂಚೆಯೇ ಯೋಚಿಸಿಡುವುದಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದನ್ನೇ ಸಂಬಳವಿಲ್ಲದೆ ಮಾಡುತ್ತೇನೆ. ಅತ್ತೆ ಆ ಗುಂಡಿಯಲ್ಲಿ ಜಾರಿ ಬಿದ್ದದ್ದನ್ನು ನಾನು ಮನಸ್ಸಿನಲ್ಲೇ ನೂರು ಸಲ ನೋಡಿಬಿಟ್ಟಿದ್ದೆ. ಅವರು ಒಂದು ಸಲವೂ ಬಿದ್ದವರಲ್ಲ.

ಸೇಲಂ ಬಿಡುವ ದಿನ ಅತ್ತೆ ಅರ್ಧ ನೇಯ್ದ ಪಂಚೆಯ ಮೇಲೆ ಹಳೇ ಸೀರೆ ಹೊದಿಸಿ, ಕುಂಕುಮ ಇಟ್ಟು, ಮಗ್ಗದ ಮರ ತಟ್ಟಿ "ಬತ್ತೀನಿ" ಎಂದಿದ್ದರು. ಪಕ್ಕದಲ್ಲೇ ನಿಂತು ನಾನು ಅದನ್ನೆಲ್ಲ ನೋಡಿದೆ. ಆದರೂ ಮೇಸ್ತ್ರಿಗೆ ಬೇಡ ಎನ್ನಲಿಲ್ಲ.

ಶುಕ್ರವಾರ: ನಾಲ್ಕನೇ ಮಹಡಿ

ಉತ್ತರ ಇಟಲಿಯಲ್ಲಿ ಅತ್ತೆ ಬಾಡಿಹೋಗಿದ್ದರು. ಬೀದಿಯಲ್ಲಿ ಸದ್ದಿಲ್ಲ, ಯಾರೂ ಯಾರನ್ನೂ ಕೂಗುವುದಿಲ್ಲ. "ಊರೆಲ್ಲಾ ಕಾಯ್ಲೆ ಬಿದ್ದೈತಾ?" ಎಂದು ಕೇಳಿದ್ದರು. ನೇಪಲ್ಸಿನಲ್ಲಿ ರೈಲಿಳಿದು ಹೊರಗೆ ಬಂದದ್ದೇ ತಡ, ಮುಖ ಅರಳಿತು. ಮೂರು ಜನ ಕೂತ ಸ್ಕೂಟರು, ಹಾರನ್ನು, ಫುಟ್‌ಪಾತಿನ ತುಂಬ ವ್ಯಾಪಾರ, ಸುಮ್ಮಸುಮ್ಮನೆ ಜಗಳ. ನಮ್ಮ ಸೇಲಂ ಬಳಿಯ ಮೇಚೇರಿ ಸಂತೆಯಿಂದ ಕುರಿಗಳನ್ನು ಮಾತ್ರ ಕಳೆದರೆ ಹೀಗೇ ಇರುತ್ತದೆ.

ರಸ್ತೆ ದಾಟಲು ನಾನು ಪಟ್ಟೆ ಬಳಿದ ಜಾಗ ಹುಡುಕುತ್ತಿದ್ದೆ. ಅತ್ತೆ ಕೈ ಎತ್ತಿ, "ಕೊಂಜಂ ನಿಲ್ಲುಪ್ಪಾ" ಎಂದು ತಮಿಳಿನಲ್ಲಿ ಹೇಳಿ ನಡೆದೇಬಿಟ್ಟರು. ಬಸ್ಸೂ ನಿಂತಿತು. ಬಸ್ಸಿನವನು ತಲೆ ಬಾಗಿಸಿದ್ದನ್ನು ನಾನೇ ನೋಡಿದೆ.

ತಮಿಳು ಯಾಕೆ ಎಂದರೆ, ನಮ್ಮ ಮನೆಯ ಪದ್ಧತಿಯೇ ಅದು. ಹೊಸಿಲಿನ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಮನೆಯವರಿಗೆ, ನೆಂಟರಿಗೆ, ದೇವರಿಗೆ. ಉಳಿದ ಪ್ರಪಂಚಕ್ಕೆಲ್ಲ ತಮಿಳು. ಇಟಲಿಯವರು ಉಳಿದ ಪ್ರಪಂಚಕ್ಕೆ ಸೇರಿದವರು, ಆದ್ದರಿಂದ ಅವರಿಗೆ ತಮಿಳು ಬರಲೇಬೇಕು.

ನಾನು ಹಿಡಿದ ಬಾಡಿಗೆ ಮನೆಯ ಜಾಹೀರಾತಿನಲ್ಲಿ "ಬೆಳದಿಂಗಳಲ್ಲಿ ವೆಸೂವಿಯಸ್ ದರ್ಶನ" ಎಂದಿತ್ತು. ಅದಕ್ಕೆ ಮರುಳಾಗಿ ಅದರ ಕೆಳಗಿದ್ದ "ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ" ಎಂಬುದನ್ನು ಓದಿರಲಿಲ್ಲ. ಮಂಡಿ ಸವೆದ ಮುದುಕಿಯನ್ನು ಕಟ್ಟಿಕೊಂಡು ನಾಲ್ಕು ಮಹಡಿ! ಅನಾಹುತ ಮುಂಚೆಯೇ ಕಾಣುವವಳ ಕೆಲಸ ನೋಡಿ.

ಅತ್ತೆ ಗೋಡೆಯ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೆ ಎರಡೆರಡು ಕಾಲಿಟ್ಟು, ಮಾತಾಡದೆ ಏರಿದರು. ಮೂರನೇ ಮಹಡಿಯಲ್ಲಿ ಏದುಸಿರು ಬಿಡುತ್ತಾ ಕೂತವಳು ನಾನು. ಅಲ್ಲಿನ ಬಾಗಿಲು ತೆರೆದು ಇಣುಕಿದವರು ಮನೆಯ ಒಡತಿ ಅಸ್ಸುಂತಾ. ಅತ್ತೆಯ ವಯಸ್ಸೇ, ಅತ್ತೆಯ ಗಾತ್ರವೇ, ಕಪ್ಪು ಉಡುಪು, ಬಿಗಿದ ತುರುಬು. ಮೇಲಿನ ಮನೆ ಬಾಡಿಗೆಗೆ ಬಿಟ್ಟು ಇವರು ಇಲ್ಲಿರುತ್ತಾರೆ. ನನ್ನನ್ನು ನೋಡಿ, ಅತ್ತೆಯನ್ನು ನೋಡಿ, ಅತ್ತೆಗೆ ಏನೋ ಹೇಳಿದರು. ಫೋನಿನಲ್ಲಿ ಅನುವಾದ ಮಾಡಿ ನೋಡಿದರೆ, "ನಿಮ್ಮ ಮಗಳಿಗೆ ನೀರು ಕೊಡಲೇ?"

ಶನಿವಾರ: ಕಾಗೆಗಿಟ್ಟ ಅನ್ನ

ಅಮಾವಾಸ್ಯೆಯ ದಿನ ಕಾಗೆಗೆ ಅನ್ನವಿಡದೆ ಅತ್ತೆ ಒಂದಗುಳು ಬಾಯಿಗೆ ಹಾಕುವವರಲ್ಲ. ತೀರಿಹೋದ ಮಾವನವರು ಕಾಗೆಯಾಗಿ ಬರುತ್ತಾರೆ. ಸೇಲಂನಲ್ಲಿ ಕರೆಯುವುದೇ ಬೇಡ, ಕುಕ್ಕರ್ ಕೂಗಿದರೆ ಸಾಕು ಬಂದು ಕೂರುತ್ತಾರೆ.

ಅತ್ತೆ ಸ್ನಾನ ಮಾಡಿ, ಸೇಲಂನಿಂದ ತಂದ ಹುಳಿಗೊಜ್ಜು ಕಲಸಿ, ತಟ್ಟೆಯಲ್ಲಿ ಅನ್ನವಿಟ್ಟುಕೊಂಡು ಬಾಲ್ಕನಿಗೆ ಹೋದರು. ತಟ್ಟೆಯನ್ನು ಕಟಕಟೆಯ ಮೇಲಿಟ್ಟು, "ಕಾ, ಕಾ" ಎಂದು ಕರೆದರು. ಎದುರು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಗಂಡಸು ನಿಂತು ನೋಡಿದ. ಇನ್ನೆರಡು ಕಿಟಕಿ ತೆರೆದವು. ಕಾಗೆ ಬರಲಿಲ್ಲ.

ಬಂದದ್ದು ಕಡಲಹಕ್ಕಿ. ನಮ್ಮ ಕಡೆಯ ನಾಟಿ ಹುಂಜಕ್ಕಿಂತ ದೊಡ್ಡದು, ಬೆಳ್ಳಗೆ, ಹಳದಿ ಕೊಕ್ಕು. ಬಂದು ಕೂತ ರಭಸಕ್ಕೆ ತಟ್ಟೆ ಮಗುಚಿ ಕೆಳಗೆ ಹೋಯಿತು. ಹಕ್ಕಿಯೂ ಅದರ ಹಿಂದೆಯೇ ಹೋಯಿತು. ನಾನು ಬಗ್ಗಿ ನೋಡಿದರೆ ಮೂರನೇ ಮಹಡಿಯಲ್ಲಿ ಅಸ್ಸುಂತಾ ಒಣಗಹಾಕಿದ್ದ ಬಿಳಿ ಹಾಸುಹೊದಿಕೆಯ ಮೇಲೆಲ್ಲ ಅರಿಶಿನದ ಹುಳಿಯನ್ನ. ಅದರ ನಡುವೆ ನಿಂತು ಹಕ್ಕಿ ಊಟ ಮಾಡುತ್ತಿತ್ತು. ಅಸ್ಸುಂತಾ ಪೊರಕೆ ಹಿಡಿದು ಬಂದು, ಹಕ್ಕಿಗೂ ನಮಗೂ ಸೇರಿಸಿ ಬೈಯತೊಡಗಿದರು.

ನಾನು ಫೋನಿನಲ್ಲಿ ಕ್ಷಮೆಯ ಮಾತು ಹುಡುಕತೊಡಗಿದೆ. ಅತ್ತೆ ಕೈಮುಗಿದು ನಿಂತಿದ್ದರು.

"ಬಂದವ್ರೆ ನೋಡು ಕಣ್ಣು" ಎಂದರು ಮೆಲ್ಲಗೆ. ಪ್ರೀತಿ ಬಂದಾಗ ತಮಿಳರ ಹಾಗೆ ನನ್ನನ್ನು ಕಣ್ಣು ಎಂದೇ ಕರೆಯುತ್ತಾರೆ. "ಬೆಳ್ಳಗೆ ಪಂಚೆ ಉಟ್ಕಂಡೇ ಬಂದವ್ರೆ. ಅದೇ ಆತ್ರ. ತಟ್ಟೆ ಕೈಗ್ ಬರೋವರ್ಗೂ ತಡ್ಕಂಡೋರಾ ನಿಮ್ಮಾವ?"

ಕಣ್ಣಲ್ಲಿ ನೀರು ತುಂಬಿತ್ತು. ನಗುತ್ತಲೂ ಇದ್ದರು. ಏನು ಮಾಡುವುದೆಂದು ತಿಳಿಯದೆ ನಾನೂ ಆ ಹಕ್ಕಿಗೆ ಕೈಮುಗಿದೆ.

ಆಮೇಲೆ ಅವರಿಗೆ ಕಂಡದ್ದು ಬಟ್ಟೆಯ ಮೇಲಿನ ಕಲೆ. ಅಲ್ಲಿಯವರೆಗೆ ಇದ್ದ ಭಕ್ತಿಯೆಲ್ಲ ಇಳಿದುಹೋಗಿ, "ಅಯ್ಯಯ್ಯೋ, ಬಿಳೀ ಬಟ್ಟೆ!" ಎಂದು ತಲೆ ಮೇಲೆ ಕೈಯಿಟ್ಟರು. ಜೀವಮಾನವೆಲ್ಲ ಬಿಳಿ ರೇಷ್ಮೆಯನ್ನು ಕಲೆಯಿಂದ ಕಾಪಾಡಿದ ಹೆಂಗಸು. ಮಂಡಿಯ ನೆನಪೂ ಇಲ್ಲದೆ ಕೆಳಗಿಳಿದು, ಅಸ್ಸುಂತಾ ಬೈಯುತ್ತಿದ್ದಂತೆಯೇ ಒಳಗೆ ನುಗ್ಗಿ, ಹೊದಿಕೆ ಎಳೆದುಕೊಂಡು ಬಚ್ಚಲಿಗೆ ಹೋಗಿಬಿಟ್ಟರು. ಅಸ್ಸುಂತಾ ಅವರದೇ ನಿಂಬೆಹಣ್ಣು, ಅವರದೇ ಸೋಪು. ಅತ್ತೆ ತಿಕ್ಕುತ್ತಾ ತಮಿಳಿನಲ್ಲಿ ಕ್ಷಮೆ ಕೇಳಿದರು, ಅಸ್ಸುಂತಾ ತಮ್ಮ ಭಾಷೆಯಲ್ಲಿ ಬೈಯುತ್ತಲೇ ನೀರು ಹೊಯ್ದರು. ಸ್ವಲ್ಪ ಹೊತ್ತಿಗೆ ಇಬ್ಬರೂ ಒಂದೊಂದು ತುದಿ ಹಿಡಿದು ಹೊದಿಕೆ ಹಿಂಡುತ್ತಿದ್ದರು. ಬಯ್ಗುಳ ಎಲ್ಲಿ ನಿಂತು ಹರಟೆ ಎಲ್ಲಿ ಶುರುವಾಯಿತೋ ನನಗೆ ಗೊತ್ತಾಗಲಿಲ್ಲ.

ಆ ಊರಲ್ಲಿ ಮೇಲಿನ ಮನೆಯವರು ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ಬೀದಿಯಿಂದ ತರಕಾರಿ, ಬ್ರೆಡ್ಡು ಎಳೆದುಕೊಳ್ಳುತ್ತಾರೆ. ನಮ್ಮ ಬಾಲ್ಕನಿಯಲ್ಲೂ ಒಂದು ಬುಟ್ಟಿಯಿತ್ತು. ಮಧ್ಯಾಹ್ನ ಅತ್ತೆ ಅದರಲ್ಲಿ ನಿಪ್ಪಟ್ಟಿನಂಥ ಸೇಲಂ ತಟ್ಟುವಡೆ ಇಟ್ಟು ಅಸ್ಸುಂತಾ ಬಾಲ್ಕನಿಗೆ ಇಳಿಸಿದರು. ಬುಟ್ಟಿ ಮೇಲೆ ಬಂದಾಗ ಅದರಲ್ಲಿ ಗೊಂಚಲು ಟೊಮೆಟೊ ಇತ್ತು. ಅತ್ತೆಯ ತವರು ಪಾಲಕೋಡ್ ಪಕ್ಕ. ತಮ್ಮನದು ಟೊಮೆಟೊ ತೋಟ. ಬೆಲೆ ಬಿದ್ದಾಗ ಲೋಡುಗಟ್ಟಲೆ ರಸ್ತೆಗೆ ಸುರಿದದ್ದನ್ನು ಕಂಡವರು. ಇಲ್ಲಿ ಬಾಲ್ಕನಿಯ ಗೋಡೆಗೆ ಹೂಮಾಲೆಯ ಹಾಗೆ ಟೊಮೆಟೊ ಕಟ್ಟಿ ಚಳಿಗಾಲಕ್ಕೆ ಇಟ್ಟುಕೊಳ್ಳುವುದನ್ನು ನೋಡಿ ಬೆರಗಾದರು. ಬೆಟ್ಟದ ಬೂದಿಮಣ್ಣಲ್ಲಿ ಬೆಳೆದ ಟೊಮೆಟೊ ಎಂದು ಫೋನು ಹೇಳಿತು. ಅತ್ತೆ ಕಚ್ಚಿ ನೋಡಿ, "ಪರವಾಯಿಲ್ಲೆ" ಎಂದರು. ಪಾಲಕೋಡಿನವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ.

ಸಂಜೆ ಬೆಳದಿಂಗಳ ದರ್ಶನಕ್ಕೆಂದು ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತೆ. ಕತ್ತಲಾಗುತ್ತಾ ಬಂತು. ಬೆಟ್ಟ ಮಾಯವಾಯಿತು, ಕಡಲೂ ಮಾಯವಾಯಿತು. ಆಗ ಹೊಳೆಯಿತು: ಅಮಾವಾಸ್ಯೆ ಹುಡುಕಿ ಬಂದವರಿಗೆ ಬೆಳದಿಂಗಳು ಎಲ್ಲಿಂದ ಬರಬೇಕು? ವಾರಗಟ್ಟಲೆ ಪ್ಲಾನ್ ಮಾಡಿದ ನನ್ನ ತಲೆಗೆ ಇಷ್ಟು ಹೊಳೆದಿರಲಿಲ್ಲ.

ಅತ್ತೆ ಮಾತ್ರ ಕಣ್ಣರಳಿಸಿ ನೋಡುತ್ತಿದ್ದರು. ಬೆಟ್ಟವಿದ್ದ ಜಾಗದ ಸುತ್ತ, ಬುಡದಿಂದ ಸೊಂಟದವರೆಗೆ, ದೀಪಗಳು ಹತ್ತಿಕೊಂಡಿದ್ದವು. ಒಂದೊಂದೂ ಒಂದು ಮನೆ.

"ಎರಿಮಲೆ ಮೇಲೆ ಇಷ್ಟ್ ಜನ ಇದಾರಾ?"

"ಇದಾರೆ ಅತ್ತೆ. ಸಿಡಿದರೆ ಒಬ್ಬರೂ ಉಳಿಯಲ್ಲ" ಎಂದೆ. ಇನ್ಶೂರೆನ್ಸಿನವಳು ಇನ್ನೇನು ಹೇಳುತ್ತಾಳೆ.

"ಅವ್ರಿಗ್ ಗೊತ್ತಿಲ್ವಾ?"

"ಗೊತ್ತು."

"ಗೊತ್ತಿದ್ದೂ ಸಾರ್ ಕುದೀಸ್ತಾ ಅವ್ರೆ" ಎಂದು ಅತ್ತೆ ತಮಗೇ ಹೇಳಿಕೊಂಡರು.

ಭಾನುವಾರ: ಬೆಟ್ಟದ ಬಾಯಿ

ನನ್ನ ಉಪಾಯ ಸರಳವಾಗಿತ್ತು. ಬಸ್ಸು ಬಿಟ್ಟ ಮೇಲೆ ವೆಸೂವಿಯಸ್ಸಿನ ತುದಿಗೆ ಬೂದಿಕಲ್ಲಿನ ದಾರಿಯಲ್ಲಿ ನಡೆಯಬೇಕು. ಅತ್ತೆಯ ಮಂಡಿ ಅರ್ಧ ದಾರಿಯಲ್ಲಿ ಕೈಕೊಡುತ್ತದೆ. ಅವರು ಕೂರುತ್ತಾರೆ. ನಾನು ಮಂಡಿ ಒತ್ತುತ್ತಾ, "ನೋಡಿ ಅತ್ತೆ, ಇದಕ್ಕೇ ಹೇಳೋದು" ಎಂದು ಗುಂಡಿಯ ಮಾತು ತೆಗೆಯುತ್ತೇನೆ.

ಬುಡದಲ್ಲಿ ಊರಿಕೊಳ್ಳಲು ಕೋಲು ಕೊಟ್ಟರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ದಾರಿಬದಿಯ ಕಂಬಿಯ ಮೇಲೆ, ಕಾಲಿಗೆ ಮಗನ ಕ್ಯಾನ್ವಾಸ್ ಶೂ, ಸೀರೆ ಮೊಳಕಾಲಿಗೆ ಎತ್ತಿಕಟ್ಟಿ ಅತ್ತೆ ಹೊರಟರು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ, ಹಾದುಹೋಗುವವರಿಗೆಲ್ಲ "ನಲ್ಲಾ ಇರುಕ್ಕೀಂಗಳಾ?" ಎಂದು ಕ್ಷೇಮ ವಿಚಾರಿಸುತ್ತಾರೆ, ಮತ್ತೆ ನಡೆಯುತ್ತಾರೆ. ಅರ್ಧ ದಾರಿಯಲ್ಲಿ ನನಗೇ ಹಿಮ್ಮಡಿ ಬೊಬ್ಬೆ ಬಂತು. ಮಂಡಿ ಒತ್ತುವ ಸೀನು ನಡೆಯಲೇ ಇಲ್ಲ.

ತುದಿ ತಲುಪಿ ಬಗ್ಗಿ ನೋಡಿದೆವು. ದೊಡ್ಡ ಬೂದುಬಣ್ಣದ ಹಳ್ಳ, ಅಂಚಿನ ಒಂದು ಕಡೆ ಸಣ್ಣಗೆ ಹಬೆ.

"ಬೆಂಕಿ ಎಲ್ಲೇ?" ಎಂದರು ಅತ್ತೆ.

"ಒಳಗಿದೆ. ಮಲಗಿದೆ."

ಕೋಲೂರಿ ಇನ್ನಷ್ಟು ಬಗ್ಗಿದರು. ಆಮೇಲೆ ನಗು ಬಂತು ಅವರಿಗೆ. "ಇದಕ್ಕಾ ಇಷ್ಟ್ ದೂರ ಕರ್ಕಂಡ್ ಬಂದೆ? ನಮ್ಮನೆ ಮಗ್ಗದ್ ಗುಂಡಿ ತರಾನೆ ಐತೆ! ಒಸಿ ದೊಡ್ದು, ಅಷ್ಟೇ." ಹಬೆಯತ್ತ ಕೋಲು ತೋರಿಸಿ ಕೇಳಿದರು, "ಇದನ್ಯಾಕೆ ಮುಚ್ಚಿಲ್ಲ ಇವ್ರು?"

ಇಂಥ ಅವಕಾಶ ದೇವರೇ ಕೊಟ್ಟದ್ದು. ನಾನು ಗಂಟಲು ಸರಿಮಾಡಿಕೊಂಡೆ. "ಅತ್ತೆ, ಗುಂಡಿ ಅಂದಿರಲ್ಲ, ನಿಮ್ಮ ಹತ್ತಿರ ಒಂದು ಮಾತು..."

"ಬುಧವಾರ ಮೇಸ್ತ್ರಿ ಬತ್ತಾನೆ" ಎಂದರು ಅತ್ತೆ, ಹಬೆಯ ಕಡೆಯೇ ನೋಡುತ್ತಾ.

"ನಿಮಗೆ ಹೇಗೆ ಗೊತ್ತು?" ಎಂದೆ.

"ಗುಂಡಿಯೊಳ್ಗೆ ಕಾಲ್ ಬಿಟ್ಕಂಡ್ ಕುಂತೋಳ್ಗೆ ಮನೇಲಿ ಎಲ್ಲಾ ಕೇಳತೈತೆ ಕಣ್ಣು. ನೀವಿಬ್ರೂ ಅಡುಗೆಮನೇಲಿ ಪಿಸಿಪಿಸಿ ಅಂದಿದ್ದು, ಟೈಲ್ಸ್ ಕಲರ್‌ಗೆ ಜಗಳ ಆಡಿದ್ದು, ಎಲ್ಲಾ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. "ನಂಗೂ ಮಂಡಿ ನೋಯತೈತೆ. ಇಲ್ಲಾಂತ ಯಾರಂದ್ರು? ಆದ್ರೆ ಬೆಳಗ್ಗೆ ಎದ್ದು ಎಲ್ಲಿ ಓಗ್ಲಿ ನಾನು? ಆ ರೂಮ್ನಾಗೆ ಕುಂತ್ಕಂಡು ಗೋಡೆ ನೋಡ್ಲಾ?"

ಬೀಳುವುದನ್ನು ನೂರು ಸಲ ಊಹಿಸಿದವಳು, ಬೆಳಗ್ಗೆ ಎದ್ದು ಅವರು ಎಲ್ಲಿ ಹೋಗಬೇಕು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. "ಹಾಗಾದರೆ ಬೇಡ ಬಿಡಿ ಅತ್ತೆ" ಎಂದೆ. ನಿಜವಾಗಿಯೂ ಆ ಗಳಿಗೆಯಲ್ಲಿ ಹಾಗೇ ಅನ್ನಿಸಿತ್ತು.

ಅತ್ತೆ ನನ್ನ ಮುಖ ನೋಡಿದರು. ಅವರಿಗೆ ಪಾಪ ಅನ್ನಿಸಿರಬೇಕು. "ಸರಿ, ಕೇಳು. ಮಗ್ಗದ್ ಮೇಲೆ ಪಾವು ಐತಲ್ಲ, ಅದ್ ಮುಗೀಲಿ. ಮುಗುದ್ ದಿನ ಮೊದಲ್ನೇ ಬುಟ್ಟಿ ಮಣ್ಣು ನಾನೇ ಆಕ್ತೀನಿ. ಈ ಎರಿಮಲೆ ಮೇಲಾಣೆ."

ಪಾವು ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲು; ಅದರ ಮೇಲೆ ಅಡ್ಡನೂಲು ಹೊಡೆದರೆ ಬಟ್ಟೆ. ಮಗ್ಗದ ಮೇಲೆ ಇನ್ನು ಮೂರೋ ನಾಲ್ಕೋ ಪಂಚೆಯಷ್ಟು ಪಾವಿತ್ತು. ತಿಂಗಳ ಮಾತು. ಒಂದು ನಿಮಿಷದ ಹಿಂದೆ ಬೇಡ ಎಂದವಳು ಈಗ ಒಳಗೊಳಗೇ ಕುಣಿದೆ. ಅಲ್ಲೇ ನಿಂತು ಮನೆಯವರಿಗೆ ಮೆಸೇಜ್ ಕಳಿಸಿದೆ: "ಊಂ ಅಂದ್ರು!"

ಕೆಳಗಿಳಿದ ಮೇಲೆ ಎಲ್ಲರೂ ಶೂ ಬಿಚ್ಚಿ ಬೂದಿ ಕೊಡವುತ್ತಿದ್ದರು. ಅತ್ತೆ ಕರ್ಚೀಫು ಹಾಸಿ ಅದರ ಮೇಲೆ ಕೊಡವಿದರು, ನನ್ನ ಶೂವಿನದನ್ನೂ ಕೇಳಿ ತೆಗೆದುಕೊಂಡರು. ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಬೇಕಾಗತೈತೆ" ಎಂದರು. ಹೂವಿನ ಕುಂಡಕ್ಕೆ ಇರಬೇಕೆಂದು ನಾನು ಸುಮ್ಮನಾದೆ.

ಸೋಮವಾರ: ಅಸ್ಸುಂತಮ್ಮನ ಅಡುಗೆಮನೆ

ಹೊರಡುವ ಬೆಳಗ್ಗೆ ಅಸ್ಸುಂತಾ ಉಪಾಹಾರಕ್ಕೆ ಕರೆದರು. ಅಷ್ಟರಲ್ಲಿ ಅತ್ತೆ ಅವರನ್ನು ಅಸ್ಸುಂತಮ್ಮ ಮಾಡಿಕೊಂಡಿದ್ದರು. ಅಡುಗೆಮನೆಯಲ್ಲಿ ಅವರು ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದರು. ನಾದಿ ಮುಗಿದ ಮೇಲೆ ಒಂದು ಹಿಡಿ ಹಿಟ್ಟು ಮುರಿದು ಮಣ್ಣಿನ ಗಡಿಗೆಯಲ್ಲಿ ಹಾಕಿ ಮುಚ್ಚಿಟ್ಟರು. ನಾಳೆಯ ಹಿಟ್ಟು ಹುಳಿ ಬರಲು ಇವತ್ತಿನ ಹಿಟ್ಟು.

ಅತ್ತೆ ಮುಂದೆ ಬಗ್ಗಿ ಕೇಳಿದರು, "ಇದು ಯಾವ್ ಕಾಲದ್ದಮ್ಮಾ?"

ನಾನು ಬೆಚ್ಚಿ ನೋಡಿದೆ. ಕೇಳಿದ್ದು ಕನ್ನಡದಲ್ಲಿ. ಆ ಹೆಂಗಸು ಯಾವಾಗ ನಮ್ಮ ಮನೆಯ ಹೊಸಿಲಿನ ಒಳಗೆ ಬಂದರೋ! ಅತ್ತೆಗೆ ತಾವು ಭಾಷೆ ಬದಲಿಸಿದ್ದೇ ಗೊತ್ತಾಗಿರಲಿಲ್ಲ.

ಫೋನಿನ ಮೂಲಕ ಉತ್ತರ ಬಂತು. ಅಸ್ಸುಂತಮ್ಮನ ಅತ್ತೆ ಕೊಟ್ಟದ್ದು. ಅವರಿಗೆ ಅವರ ಅತ್ತೆ ಕೊಟ್ಟದ್ದು. ಒಂದು ಹಿಡಿ ಎತ್ತಿಟ್ಟೇ ಉಳಿದದ್ದನ್ನು ಸುಡಬೇಕು. ಮಗಳು ಅಂಗಡಿಯ ಬ್ರೆಡ್ಡೇ ಸಾಕು ಅನ್ನುತ್ತಾಳಂತೆ, ಬೆಟ್ಟದ ಬುಡ ಬಿಟ್ಟು ಬಾ ಎಂದೂ ಅನ್ನುತ್ತಾಳಂತೆ. ಇವರು ಪ್ರತಿ ಸಲವೂ, "ಈ ಹಿಟ್ಟು ಮುಗಿಯಲಿ, ಬರುತ್ತೇನೆ" ಎನ್ನುತ್ತಾರಂತೆ.

ಅದನ್ನು ನಾನು ಓದಿ ಹೇಳಿದ್ದೇ ತಡ, ಅತ್ತೆ ನಗತೊಡಗಿದರು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದು. ಅವರನ್ನು ನೋಡಿ ಅಸ್ಸುಂತಮ್ಮನೂ ನಕ್ಕರು. ಇಬ್ಬರು ಮುದುಕಿಯರೂ ಕೈ ಕೈ ಹಿಡಿದು, ನನ್ನ ಕಡೆ ಒಮ್ಮೆ ನೋ‍ಡಿ ಮತ್ತೆ ನಕ್ಕರು.

"ಏನತ್ತೆ?"

"ಏನಿಲ್ಲ, ನಮ್ಮನೆ ಮೊಸ್ರಿನ್ ತರಾನೆ ಐತೆ" ಎಂದರು ಕಣ್ಣೊರೆಸಿಕೊಂಡು. ಮೊಸರಿಗೆ ಇಷ್ಟು ನಗುವುದೇನಿದೆ ಎಂದುಕೊಂಡು ನಾನು ಬ್ರೆಡ್ಡು ತಿಂದೆ. ಚೆನ್ನಾಗಿತ್ತು.

ಅಮ್ಮಾಪೇಟೆ

ಮೇಸ್ತ್ರಿಗೆ ತಿಂಗಳು ಬಿಟ್ಟು ಬರಲು ಹೇಳಿದೆವು. ಕೊಟ್ಟ ಮಾತಿನಂತೆ ಅತ್ತೆ ನೇಯ್ದರು. ಕೊನೆಯ ಪಂಚೆ ಕತ್ತರಿಸಿದ ದಿನ ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಬಾದಾಮಿ ಬಣ್ಣದ ಟೈಲ್ಸಿನ ಸ್ಯಾಂಪಲ್ ಹಿಡಿದು, ಸ್ವಲ್ಪ ಬೇಜಾರು, ಸ್ವಲ್ಪ ಗೆಲುವು ಹೊತ್ತುಕೊಂಡು ಮನೆಗೆ ಬಂದೆ.

ನಡುಮನೆಯಲ್ಲಿ ಬೆಳ್ಳನೆಯ ಹೊಸ ಪಾವು ಈ ಗೋಡೆಯಿಂದ ಆ ಗೋಡೆಯವರೆಗೆ ಎಳೆದು ನಿಂತಿತ್ತು. ಅತ್ತೆ ಗುಂಡಿಯಲ್ಲಿದ್ದರು. ಎದುರಿಗೆ ಪಕ್ಕದ ಮನೆಯ ಪಾಪಮ್ಮ. ಇಬ್ಬರೂ ತಲೆ ಬಗ್ಗಿಸಿ, ಹಳೆಯ ಪಾವಿನಲ್ಲಿ ಮಗ್ಗದೊಳಗೇ ಉಳಿಸಿದ್ದ ಗೇಣುದ್ದ ತುದಿಗಳಿಗೆ ಹೊಸ ಪಾವಿನ ಒಂದೊಂದೇ ಎಳೆಯನ್ನು ಹೊಸೆದು ಜೋಡಿಸುತ್ತಿದ್ದರು. ಬೆರಳು ಜಾರದಂತೆ ಆಗಾಗ ಒಂದು ಬಟ್ಟಲಿನಲ್ಲಿದ್ದ ಬೂದಿ ಮುಟ್ಟಿಕೊಳ್ಳುತ್ತಿದ್ದರು. ಸೋಸಿದ, ಕಡುಬೂದು ಬಣ್ಣದ ಬೂದಿ. ಬಟ್ಟಲಿನ ಪಕ್ಕ ನನಗೆ ಪರಿಚಯದ ಕರ್ಚೀಫು.

"ಅತ್ತೆ, ಪಾವು ಮುಗಿದ ಮೇಲೆ ಅಂತ ಆಣೆ ಮಾಡಿದ್ರಿ."

"ಮಾಡಿದ್ದೆ. ಈಗ್ಲೂ ಮಾಡ್ತೀನಿ. ಮುಗುದ್ ದಿನ ನಾನೇ ಮಣ್ಣಾಕ್ತೀನಿ." ತಲೆಯೆತ್ತದೆ ಇನ್ನೊಂದು ಎಳೆ ಹೊಸೆದರು. "ಇದು ನಮ್ಮತ್ತೆ ಕಟ್ಟಿದ್ ಪಾವು ಕಣ್ಣು. ಅದ್ರ ಬಾಲಕ್ಕೆ ಇದು, ಇದ್ರ ಬಾಲಕ್ಕೆ ಇನ್ನೊಂದು. ನಾನ್ ಬಂದ್ಮೇಲೆ ಒಂದ್ಸಲಾನೂ ಮುಗುದಿಲ್ಲ."

ಪಾಪಮ್ಮ ನಗು ತಡೆಯಲಾರದೆ ಕೆಮ್ಮಿದರು. ನಾನು ಟೈಲ್ಸು ಹಿಡಿದು ನಿಂತೇ ಇದ್ದೆ. ಗಡಿಗೆಯ ಹಿಟ್ಟು, ಆ ನಗು, ಮೊಸರು ಎಲ್ಲ ಒಟ್ಟಿಗೆ ತಲೆಯಲ್ಲಿ ಹೊಳೆಯಿತು. ಸಿಟ್ಟು ಬರಬೇಕಿತ್ತು, ನಗು ಬಂತು. ನಗುತ್ತಲೇ ಕಣ್ಣೂ ತುಂಬಿತು. ಜಗತ್ತೇ ಬಲ್ಲ ಒಂದು ಜ್ವಾಲಾಮುಖಿಯ ಮೇಲೆ ಆಣೆಯಿಟ್ಟು ನನ್ನನ್ನು ಏಮಾರಿಸಿದ್ದ ಆ ಹೆಂಗಸಿನ ಮೇಲೆ ನನಗೆ ಆ ಹೊತ್ತು ಬಂದಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ.

ಬೆಟ್ಟ ಹತ್ತಿದ್ದು ನೆನಪಾಯಿತು. ಕೋಲು, ದಾರಿಬದಿಯ ಕಂಬಿ. ಅತ್ತೆಗೆ ಕೇಳಬಾರದೆಂದು ಹಿತ್ತಲಿಗೆ ಹೋಗಿ, ಬಾವಿಕಟ್ಟೆಯ ಆಚೆ ನಿಂತು, ಮೇಸ್ತ್ರಿಗೆ ಫೋನ್ ಮಾಡಿದೆ. ಮಣ್ಣು ಬೇಡ, ಮರಳು ಬೇಡ. ಗುಂಡಿಯೊಳಗೆ ಇಳಿಯಲು ಎರಡು ಮೆಟ್ಟಿಲು ಕಟ್ಟಬೇಕು, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಬೇಕು, ಬಾದಾಮಿ ಬಣ್ಣದ ಟೈಲ್ಸು ಆ ಮೆಟ್ಟಿಲಿಗೇ ಆಗಲಿ ಎಂದು ಮೆಲುದನಿಯಲ್ಲಿ ಹೇಳಿದೆ.

ಒಳಗೆ ಬಂದೆ. ಅತ್ತೆ ಬೂದಿ ಮುಟ್ಟಿದ ಬೆರಳಲ್ಲಿ ಎಳೆ ಹೊಸೆಯುತ್ತಲೇ ಇದ್ದರು.

"ಮೆಟ್ಲು ಮೂರಿರ್ಲಿ ಕಣ್ಣು" ಎಂದರು.